ಬೆಟ್ಟದ ಬಾಗಿಲಲ್ಲಿ ಕಾಯಬೇಕಾದವರು ಯಾರು?

ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಪಾಸ್ಖ ಹಬ್ಬ ಕಳೆದ ಮೇಲೆ ಒಂದರ ಹಿಂದೊಂದು ಮದುವೆ, ಮಕ್ಕಳ ಪ್ರಥಮ ಪರಮಪ್ರಸಾದ, ಹೊಸ ಮನೆಗಳ ಆಶೀರ್ವಾದ. ಬೆಟ್ಟದ ಸೀಸನ್ನೂ ಅದೇ ಏಪ್ರಿಲ್, ಮೇ, ಜೂನ್. ಆ ತಿಂಗಳುಗಳಲ್ಲೇ ಮೈಸೂರು, ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ನಮ್ಮ ಸೋದರಮಾವಂದಿರು, ಚಿಕ್ಕಮ್ಮಂದಿರು ವ್ಯಾನು ಮಾಡಿಕೊಂಡು ಬೆಟ್ಟ ಹತ್ತಿ ಬರಬೇಕು. 1955ರಲ್ಲಿ ಉದಕಮಂಡಲ ಪ್ರತ್ಯೇಕ ಧರ್ಮಕ್ಷೇತ್ರ ಆಗುವವರೆಗೆ ಇದೆಲ್ಲ ಮೈಸೂರು ಧರ್ಮಕ್ಷೇತ್ರವೇ ಆಗಿತ್ತು. ಧರ್ಮಕ್ಷೇತ್ರ ಎರಡಾಯಿತು, ನಡುವೆ ರಾಜ್ಯದ ಗಡಿ ಬಂತು, ನೆಂಟಸ್ತಿಕೆ ಮಾತ್ರ ಹಾಗೇ ಉಳಿಯಿತು. ಈಗ ಆ ನೆಂಟಸ್ತಿಕೆಗೂ ಚೆಕ್‌ಪೋಸ್ಟಿನಲ್ಲಿ ಒಂದು ಕ್ಯೂಆರ್ ಕೋಡ್ ತೋರಿಸಬೇಕು.

ವಿಷಯ ಎಲ್ಲರಿಗೂ ಗೊತ್ತಿದ್ದರೂ ಲೆಕ್ಕ ಒಮ್ಮೆ ಹೇಳಿಬಿಡುತ್ತೇವೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳು ನೀಲಗಿರಿಗೋ ಕೊಡೈಕೆನಾಲಿಗೋ ಬರಬೇಕಾದರೆ ಇ-ಪಾಸ್ ಬೇಕು. ಮೊದಲ ವರ್ಷ ಕೇಳಿದವರಿಗೆಲ್ಲ ಪಾಸ್ ಸಿಗುತ್ತಿತ್ತು. ಎಷ್ಟು ಗಾಡಿ ಬರುತ್ತವೆ ಎಂಬ ಲೆಕ್ಕ ಸಿಗಲಿ ಎಂಬುದು ಮುಖ್ಯ ಉದ್ದೇಶ. 2025ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ಕೋರ್ಟು ಮಿತಿಯನ್ನೂ ಹಾಕಿತು. ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ಕೊಡೈಕೆನಾಲಿಗೆ 4,000 ಮತ್ತು 6,000. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20,000 ವಾಹನ ನೀಲಗಿರಿಗೆ ಬರುತ್ತವೆ ಎಂಬ ಲೆಕ್ಕ ಅದಕ್ಕೂ ಮೊದಲೇ ಕೋರ್ಟಿನ ಮುಂದೆ ಬಂದಿತ್ತು. ಸರ್ಕಾರಿ ಬಸ್ಸಿನಲ್ಲೋ ರೈಲಿನಲ್ಲೋ ಬರುವವರಿಗೆ ಈ ಮಿತಿ ಇಲ್ಲ. ನಮ್ಮ ಜಿಲ್ಲೆಯ ನಂಬರಿನ ಗಾಡಿಗಳಿಗೂ ಇಲ್ಲ. ಬೆಟ್ಟ ಎಷ್ಟು ವಾಹನ ತಾಳಬಲ್ಲದು ಎಂದು ಅಳೆಯುವ ಕೆಲಸ ಐಐಟಿ ಮದ್ರಾಸ್ ಮತ್ತು ಐಐಎಂ ಬೆಂಗಳೂರಿನ ಪಾಲಿಗೆ ಬಂತು. ಏಪ್ರಿಲ್ ಆರಂಭದಲ್ಲೇ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು.

ನಮ್ಮ ಯುವಜನ ಕೂಟದಲ್ಲೂ ಈ ಬಗ್ಗೆ ಎರಡು ಪಂಗಡ. ಟ್ಯಾಕ್ಸಿ ಓಡಿಸುವ ಮನೆಯವರು, ವರ್ಕಿ-ಚಾಕೊಲೇಟ್ ಅಂಗಡಿಯಲ್ಲಿ ದುಡಿಯುವವರು, ಲಾಡ್ಜಿನಲ್ಲಿ ಕೆಲಸಕ್ಕಿರುವವರು ಒಂದು ಕಡೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರು ಇನ್ನೊಂದು ಕಡೆ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಹೇಳುವುದು ಸುಲಭ, ಅವರವರ ಸಂಬಳದ ಚೀಟಿ ನೋಡಿದರೆ ಸಾಕು. ಇದು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯೇ ಬೇರೆ. ಈ ಬರಹ ಅದರ ಬಗ್ಗೆ.

ವಿರೋಧಿಸುವವರ ಮೊದಲ ಮಾತು ಯಾವಾಗಲೂ ಇದೇ: "ರಸ್ತೆ ಎಲ್ಲರದು. ತೆರಿಗೆ ಕಟ್ಟಿದ್ದೇವೆ. ತಡೆಯಲು ಇವರು ಯಾರು?" ಮಾತು ಸರಿಯಾಗಿಯೇ ಇದೆ. ಆದರೆ "ಎಲ್ಲರದು" ಅಂದರೆ ಏನು ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಎಸ್ಟೇಟ್ ಲೈನಿನ ಕೊನೆಯಲ್ಲಿರುವ ನಲ್ಲಿಯೂ ಎಲ್ಲರದು. ಮಳೆಗಾಲದಲ್ಲಿ ಯಾರು ಎಷ್ಟು ಕೊಡ ಹಿಡಿದರೂ ಯಾರೂ ಕೇಳುವುದಿಲ್ಲ. ಮಾರ್ಚ್ ಬಂದು ನೀರು ಸಣ್ಣದಾದ ಮೇಲೆ ಒಬ್ಬರು ಹತ್ತು ಕೊಡ ಇಟ್ಟುಕೊಂಡು ನಿಂತರೆ ಹಿಂದಿನವರು ಸುಮ್ಮನಿರುತ್ತಾರೆಯೇ? ಆಗ ನಲ್ಲಿ "ಎಲ್ಲರದು" ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು ಎಂಬ ಅರ್ಥ ಹೋಗಿ, ಎಲ್ಲರಿಗೂ ಸಿಗುವ ಹಾಗೆ ತೆಗೆದುಕೊಳ್ಳಬೇಕು ಎಂಬ ಅರ್ಥ ಬರುತ್ತದೆ.

ಇಲ್ಲಿ ಬಿಎಸ್ಸಿಯ ಪಾಠವೊಂದು ಉಪಯೋಗಕ್ಕೆ ಬರುತ್ತದೆ. ಲೋಟದ ನೀರಿಗೆ ಉಪ್ಪು ಹಾಕುತ್ತಾ ಹೋದರೆ ಕರಗುತ್ತಲೇ ಇರುತ್ತದೆ, ನೋಡಿದರೆ ಏನೂ ಆಗಿಲ್ಲವೆನಿಸುತ್ತದೆ. ಒಂದು ಹಂತ ದಾಟಿದ ಮೇಲೆ ಒಂದು ಚಿಟಿಕೆ ಹಾಕಿದರೂ ಅದು ತಳದಲ್ಲಿ ಕೂರುತ್ತದೆ. ರಸ್ತೆಯೂ ಹೆಚ್ಚು ಕಡಿಮೆ ಹಾಗೆಯೇ. ಖಾಲಿ ರಸ್ತೆಗೆ ಹೊಸದಾಗಿ ಬಂದ ಕಾರು ಯಾರಿಗೂ ತೊಂದರೆ ಕೊಡುವುದಿಲ್ಲ. ತುಂಬಿದ ರಸ್ತೆಗೆ ಬಂದ ಒಂದು ಕಾರು ತನ್ನ ಹಿಂದಿರುವ ಪ್ರತಿಯೊಬ್ಬರನ್ನೂ ಇಷ್ಟಿಷ್ಟು ತಡೆಯುತ್ತದೆ. ಹಿಂದಿರುವ 200 ಮಂದಿಗೆ ತಲಾ 10 ಸೆಕೆಂಡು ತಡವಾಯಿತು ಎಂದಿಟ್ಟುಕೊಳ್ಳಿ, ಒಟ್ಟು 2,000 ಸೆಕೆಂಡು. ಅರ್ಧ ಗಂಟೆಗೂ ಹೆಚ್ಚು! ಕಾರಿನೊಳಗೆ ಕುಳಿತವರಿಗೆ ಇದು ಕಾಣುವುದಿಲ್ಲ, ಅವರಿಗೆ ಕಾಣುವುದು ಮುಂದಿನ ಗಾಡಿಯ ಹಿಂಭಾಗ ಮಾತ್ರ. "ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ" ಎಂದು ಫೋನಿನಲ್ಲಿ ಹೇಳುತ್ತಾರೆ. "ನಾವೇ ಟ್ರಾಫಿಕ್" ಎಂದು ಹೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ.

ನೈತಿಕವಾಗಿ ಇದು ವಿಚಿತ್ರವಾದ ಹಾನಿ. ಒಬ್ಬರ ಜೇಬಿನಿಂದ ಸಾವಿರ ರೂಪಾಯಿ ಕದ್ದರೆ ಕಳ್ಳತನ ಎನ್ನುತ್ತೇವೆ. ಸಾವಿರ ಜನರ ಜೇಬಿನಿಂದ ಒಂದೊಂದು ರೂಪಾಯಿ ತೆಗೆದರೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗುವುದಿಲ್ಲ. ಪಾಪನಿವೇದನೆಯಲ್ಲಿ "ಕೂನೂರು ಘಾಟಿಯಲ್ಲಿ ಸಾವಿರ ಜನರನ್ನು ಕಾಯಿಸಿದೆ" ಎಂದು ಯಾರು ತಾನೇ ಹೇಳುತ್ತಾರೆ, ಹೇಳಿದರೆ ಫಾದರ್ ಯಾವ ಪ್ರಾಯಶ್ಚಿತ್ತ ಕೊಡುತ್ತಾರೆ! ಹಾನಿ ಚೂರುಚೂರಾಗಿ ಹಂಚಿಹೋಗಿರುವುದರಿಂದ ಒಬ್ಬೊಬ್ಬರ ಮನಸ್ಸಾಕ್ಷಿಗೆ ಅದು ಚುಚ್ಚುವುದಿಲ್ಲ. ಆದ್ದರಿಂದಲೇ ಇಂಥ ಕಡೆ ಮನಸ್ಸಾಕ್ಷಿಯೊಂದಕ್ಕೇ ಬಿಟ್ಟರೆ ಸಾಲದು, ನಿಯಮ ಬೇಕು ಎಂದು ನಮಗನಿಸುತ್ತದೆ.

ನಿಯಮ ಬೇಡವೆನ್ನುವವರು ಒಂದು ವಿಷಯ ಮರೆಯುತ್ತಾರೆ. ನಿಯಮ ಇಲ್ಲದಿದ್ದಾಗಲೂ ಯಾರೋ ಕಾಯುತ್ತಲೇ ಇರುತ್ತಾರೆ. ಯಾರು? ಮೇ ತಿಂಗಳ ಶನಿವಾರ ಬರ್ಲಿಯಾರ್ ದಾಟಿ ಮೇಲೆ ಹತ್ತುವ ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡು ಬರುವ ಹೆಂಗಸರು. ಕೊಯಮತ್ತೂರು ಆಸ್ಪತ್ರೆಗೆ ಇಳಿಯಬೇಕಾದ 108 ಆಂಬುಲೆನ್ಸಿನಲ್ಲಿ ಮಲಗಿರುವ ರೋಗಿ. ಮೆಟ್ಟುಪಾಳ್ಯದ ಮಂಡಿಗೆ ಕ್ಯಾರೆಟ್ ಹೇರಿಕೊಂಡು ಹೊರಟ ಲಾರಿ. ತಿರುವಿನಲ್ಲಿ ನಿಂತು ಹೊಗೆ ಕುಡಿಯುವ ಪೊಲೀಸ್ ಪೇದೆ. ಇವರಲ್ಲಿ ಯಾರೂ ಕಾಯುತ್ತೇವೆ ಎಂದು ಒಪ್ಪಿಕೊಂಡವರಲ್ಲ. ಸ್ವಂತ ಕಾರಿನವರೂ ಕಾಯುತ್ತಾರೆ, ನಿಜ. ಆದರೆ ಎಸಿ ಹಾಕಿಕೊಂಡು, ಹಾಡು ಕೇಳಿಕೊಂಡು, ಮನಸ್ಸು ಬಂದಾಗ ಹಿಂದಿರುಗಬಹುದಾದ ಕಾಯುವಿಕೆ ಅದು. ಹಾಗಾಗಿ "ನಿರ್ಬಂಧ ಬೇಡ, ಮುಕ್ತವಾಗಿರಲಿ" ಎಂಬುದೂ ಒಂದು ನಿಯಮವೇ. ಯಾರ ಬಳಿ ಸ್ವಂತ ಗಾಡಿ ಇದೆಯೋ ಅವರು ಮೊದಲು ಎಂಬ ನಿಯಮ. ಯಾವ ಸಭೆಯಲ್ಲೂ ಚರ್ಚೆಯಾಗದೆ ಜಾರಿಗೆ ಬಂದದ್ದು ಅದು.

ಹೀಗಿರುವಾಗ ತಡೆಯಬೇಕೋ ಬೇಡವೋ ಎಂದು ಕೇಳಿ ಪ್ರಯೋಜನವಿಲ್ಲ. ಯಾರನ್ನು ಕಾಯಿಸುವುದು, ಯಾವ ಆಧಾರದ ಮೇಲೆ ಎಂದು ಕೇಳಬೇಕು. ಜಗತ್ತಿನ ನಗರಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟು ನೋಡಿವೆ.

ಒಂದು ಉತ್ತರ ಹಣ. ಸಿಂಗಪುರ 1975ರಲ್ಲೇ ನಗರದ ಮಧ್ಯಭಾಗಕ್ಕೆ ಬೆಳಗಿನ ಹೊತ್ತು ಬರುವ ಕಾರುಗಳಿಂದ ಶುಲ್ಕ ವಸೂಲು ಮಾಡಲು ಶುರುಮಾಡಿತು. ಲಂಡನ್ 2003ರ ಫೆಬ್ರವರಿ 17ರಂದು ದಿನಕ್ಕೆ 5 ಪೌಂಡ್ ಶುಲ್ಕ ಹಾಕಿತು. ನಮಗೆ ಹೆಚ್ಚು ಕಲಿಸುವುದು ಸ್ವೀಡನ್ನಿನ ಸ್ಟಾಕ್‌ಹೋಮ್. ಅಲ್ಲಿಯವರು 2006ರ ಜನವರಿ 3ರಿಂದ ಜುಲೈ 31ರವರೆಗೆ ಪರೀಕ್ಷೆಗೆಂದು ಶುಲ್ಕ ಹಾಕಿದರು. ಆರಂಭದಲ್ಲಿ ಹೆಚ್ಚಿನ ಜನರಿಗೆ ಅದು ಇಷ್ಟವಿರಲಿಲ್ಲ. ನಗರದ ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಭಾಗದಷ್ಟು ಕಡಿಮೆಯಾದವು. ಐದರಲ್ಲಿ ಒಂದು ಅಂದರೆ ದೊಡ್ಡ ಸಂಖ್ಯೆಯಲ್ಲ ಅನಿಸಬಹುದು. ಆದರೆ ಉಪ್ಪಿನ ನೀರನ್ನು ನೆನಪಿಸಿಕೊಳ್ಳಿ. ತುಂಬಿದ ರಸ್ತೆಯಿಂದ ಸ್ವಲ್ಪ ತೆಗೆದರೂ ಸಾಲು ಬಹಳ ಕರಗುತ್ತದೆ. ಜುಲೈ 31ಕ್ಕೆ ಶುಲ್ಕ ನಿಂತಿತು, ಗಾಡಿಗಳು ತಿರುಗಿ ಬಂದವು. ಸೆಪ್ಟೆಂಬರಿನಲ್ಲಿ ಮತ ಹಾಕಲು ಕರೆದಾಗ ನಗರದ ಜನ ಸಣ್ಣ ಬಹುಮತದಿಂದ "ಇರಲಿ" ಎಂದರು. 2007ರ ಆಗಸ್ಟಿನಿಂದ ಅದು ಶಾಶ್ವತವಾಯಿತು. ಗಾಳಿ ಶುದ್ಧವಾದ ಮೇಲೆ ಚಿಕ್ಕ ಮಕ್ಕಳು ಉಬ್ಬಸಕ್ಕಾಗಿ ಆಸ್ಪತ್ರೆಗೆ ಬರುವುದು ಕಡಿಮೆಯಾಯಿತೆಂದು ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಮಾಡಿ ತೋರಿಸಿದರು.

ಹಣದ ದಾರಿಗೆ ಇರುವ ಆಕ್ಷೇಪ ನಮ್ಮ ಕೂಟದಲ್ಲೂ ಮೊದಲು ಬಂತು. ಇದ್ದವರು ಕಟ್ಟಿ ಹೋಗುತ್ತಾರೆ, ಇಲ್ಲದವರು ಮನೆಯಲ್ಲಿರುತ್ತಾರೆ. ಆಕ್ಷೇಪ ಗಟ್ಟಿಯಾದದ್ದೇ. ಸಮಾಧಾನವೂ ಸ್ವಲ್ಪ ಇದೆ: ನಿಜವಾಗಿ ಬಡವರಾದವರು ಕಾರಿನಲ್ಲಿ ಇರುವುದೇ ಇಲ್ಲ, ಅವರು ಬಸ್ಸಿನಲ್ಲಿದ್ದಾರೆ, ಕಾರು ಕಡಿಮೆಯಾದರೆ ಬಸ್ಸು ಮುಂದೆ ಹೋಗುತ್ತದೆ. ಆದರೆ ಇದು ಬಸ್ಸು ಇದ್ದರೆ ಮಾತ್ರ ನಿಲ್ಲುವ ಸಮಾಧಾನ. ಸ್ಟಾಕ್‌ಹೋಮಿನವರು ಶುಲ್ಕ ಹಾಕುವ ಮೊದಲು, 2005ರ ಆಗಸ್ಟಿನಲ್ಲೇ, 16 ಹೊಸ ಬಸ್ ಮಾರ್ಗಗಳನ್ನು ತೆರೆದಿದ್ದರು. ಲಂಡನ್ನಿನಲ್ಲಿ ಶುಲ್ಕ ಶುರುವಾದ ದಿನವೇ ಸುಮಾರು 300 ಹೆಚ್ಚುವರಿ ಬಸ್ಸು ರಸ್ತೆಗಿಳಿದವು, ಶುಲ್ಕದಿಂದ ಉಳಿಯುವ ಹಣವನ್ನು ಸಾರಿಗೆಗೇ ಖರ್ಚು ಮಾಡಬೇಕೆಂದು ಕಾನೂನೂ ಇತ್ತು. ಬಾಗಿಲು ಮುಚ್ಚುವ ಮೊದಲು ಇನ್ನೊಂದು ಬಾಗಿಲು ತೆರೆದರು. ಈ ಅನುಕ್ರಮದಲ್ಲೇ ನ್ಯಾಯ ಇರುವುದು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಉತ್ತರ ನಂಬರ್ ಪ್ಲೇಟು. ದೆಹಲಿ 2016ರ ಜನವರಿಯಲ್ಲಿ ಹದಿನೈದು ದಿನ ಸಮ-ಬೆಸ ಪದ್ಧತಿ ನಡೆಸಿತು. ನೋಡಲು ಎಲ್ಲರಿಗೂ ಒಂದೇ ನಿಯಮ. ಮೆಕ್ಸಿಕೊ ನಗರದಲ್ಲಿ 1989ರಲ್ಲಿ ಪ್ರತಿ ಕಾರೂ ವಾರಕ್ಕೊಂದು ದಿನ ಮನೆಯಲ್ಲಿರಬೇಕೆಂಬ ನಿಯಮ ಬಂತು. ಅಲ್ಲಿ ಏನಾಯಿತೆಂದರೆ, ಸಾಧ್ಯವಿದ್ದವರು ಬೇರೆ ನಂಬರಿನ ಎರಡನೆಯ ಕಾರು ಕೊಂಡರು, ಅದೂ ಹಳೆಯ, ಹೆಚ್ಚು ಹೊಗೆಯುಗುಳುವ ಕಾರು. ಎಲ್ಲರಿಗೂ ಸಮವೆಂದು ಹಾಕಿದ ನಿಯಮ ಎರಡು ಕಾರಿನವರಿಗೆ ಅನುಕೂಲವಾಯಿತು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮೂರನೆಯ ಉತ್ತರ ಸಾಲು, ಅಂದರೆ ನಮ್ಮ ಇ-ಪಾಸ್. ದುಡ್ಡು ಕೇಳುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಬೆಂಗಳೂರಿನ ಕಂಪನಿ ಮಾಲೀಕರಿಗೂ ನಂಜನಗೂಡಿನ ಆಟೋ ಚಾಲಕರಿಗೂ ಒಂದೇ ಪಾಸು. ಇದನ್ನು ನಾವು ಸಣ್ಣ ವಿಷಯವೆಂದು ತಿಳಿಯುವುದಿಲ್ಲ. ಆದರೆ ಮಿತಿ ಬಂದ ಮೇಲೆ, ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕಕ್ಕೂ ಒಂದು ಪಕ್ಷಪಾತವಿದೆ. ಮುಂಚಿತವಾಗಿ ಯೋಜನೆ ಹಾಕಬಲ್ಲವರಿಗೆ, ಸ್ಮಾರ್ಟ್‌ಫೋನು ಸಲೀಸಾಗಿ ಬಳಸುವವರಿಗೆ ಅದು ಒಲಿಯುತ್ತದೆ. ಎರಡು ತಿಂಗಳು ಮೊದಲೇ ರೆಸಾರ್ಟ್ ಬುಕ್ ಮಾಡಿದವರಿಗೆ ಪಾಸು ಒಂದು ಕೆಲಸವೇ ಅಲ್ಲ. ಸಾವಿಗೆ ಬರುವವರು ಹಿಂದಿನ ವಾರವೇ ಪಾಸು ತೆಗೆದಿಟ್ಟುಕೊಳ್ಳಲಾರರು. ಮಣ್ಣು ಮಾಡುವ ಹೊತ್ತಿಗೆ ಮಗಳು ಕೊಳ್ಳೇಗಾಲದಿಂದ ಬಂದು ಮುಟ್ಟಬೇಕಾದ ಮನೆಗೂ, ಬೊಟಾನಿಕಲ್ ಗಾರ್ಡನ್ನಿನಲ್ಲಿ ಫೋಟೊ ತೆಗೆಸಿಕೊಳ್ಳಬೇಕಾದ ಮನೆಗೂ ಸಾಲಿನ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಯಜಮಾನ ಬಂದ ಹೊತ್ತನ್ನು ನೋಡಿ ಕೂಲಿ ಕೊಡಲಿಲ್ಲ. ಕಂಪ್ಯೂಟರಿಗೆ ಬಂದ ಹೊತ್ತು ಮಾತ್ರ ಗೊತ್ತು.

ಪ್ರವಾಸಿಗರನ್ನು ಕೀಳು ಮಾಡಿ ಹೇಳುತ್ತಿಲ್ಲ. ಬಯಲುಸೀಮೆಯ ಸೆಕೆಯಲ್ಲಿ ವರ್ಷವಿಡೀ ದುಡಿದ ಕುಟುಂಬ ಎರಡು ದಿನ ತಂಪಿಗೆ ಬರುವುದು ಆಡಂಬರವಲ್ಲ, ಅದೂ ಮನುಷ್ಯರ ಅಗತ್ಯವೇ. ಬೆಟ್ಟದ ಅರ್ಧ ಅನ್ನ ಅವರಿಂದ. ಆದರೂ ಅಗತ್ಯಗಳಲ್ಲಿ ಹೆಚ್ಚು ಕಡಿಮೆ ಇದೆ. ಅದನ್ನು ನೋಡದ ನಿಯಮ ಅರ್ಧ ನ್ಯಾಯವನ್ನಷ್ಟೇ ಕೊಡುತ್ತದೆ.

ಇಲ್ಲಿಯವರೆಗೆ ಸಮಯದ ಮಾತಾಯಿತು. ಹೊಗೆಯ ಮಾತು ಇನ್ನೂ ಕಷ್ಟದ್ದು. ಅದರಲ್ಲಿ ನಮ್ಮ ಕೂಟ ಒಂದೇ ಅಭಿಪ್ರಾಯಕ್ಕೆ ಬರಲೇ ಇಲ್ಲ.

ಲಂಡನ್ನಿನ ಆಗ್ನೇಯ ಭಾಗದಲ್ಲಿ ವಾಹನ ದಟ್ಟಣೆಯ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ ಎಲಾ ಕಿಸ್ಸಿ-ಡೆಬ್ರಾ ಎಂಬ ಬಾಲಕಿ ಇದ್ದಳು. ತೀವ್ರ ಉಬ್ಬಸ. ಮತ್ತೆ ಮತ್ತೆ ಆಸ್ಪತ್ರೆ ಸೇರಿ, 2013ರ ಫೆಬ್ರವರಿಯಲ್ಲಿ ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ ಬಿಡಲಿಲ್ಲ. ಎರಡನೆಯ ವಿಚಾರಣೆ ನಡೆದು, ಆಕೆಯ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣ ಎಂದು 2020ರ ಡಿಸೆಂಬರಿನಲ್ಲಿ ಅಧಿಕೃತವಾಗಿ ದಾಖಲಾಯಿತು. ಬ್ರಿಟನ್ನಿನಲ್ಲಿ ಮರಣದ ಕಾರಣವಾಗಿ ಹಾಗೆ ಬರೆದದ್ದು ಅದೇ ಮೊದಲು. ಚೂರುಚೂರಾಗಿ ಹಂಚಿಹೋಗಿದ್ದ ಹಾನಿ ಒಂದು ಮಗುವಿನ ಹೆಸರಿನ ಮುಂದೆ ಬಂದು ನಿಂತಿತು. ಆ ರಸ್ತೆಯಲ್ಲಿ ಹೋದ ಲಕ್ಷಾಂತರ ಚಾಲಕರಲ್ಲಿ ಕೊಂದವರು ಯಾರು? ಯಾರೂ ಅಲ್ಲ ಎನ್ನಲು ಬಾಯಿ ಬರುವುದಿಲ್ಲ, ಎಲ್ಲರೂ ಎನ್ನಲೂ ಬರುವುದಿಲ್ಲ.

ಹಳೆಯ, ಹೆಚ್ಚು ಹೊಗೆಯ ವಾಹನಗಳಿಗೆ ದಿನಕ್ಕೆ 12.50 ಪೌಂಡ್ ಶುಲ್ಕ ಹಾಕುವ ಪದ್ಧತಿಯನ್ನು ಲಂಡನ್ 2019ರಲ್ಲಿ ನಗರದ ಮಧ್ಯಭಾಗದಲ್ಲಿ ಆರಂಭಿಸಿತು, 2023ರ ಆಗಸ್ಟ್ 29ರಿಂದ ಇಡೀ ನಗರಕ್ಕೆ ವಿಸ್ತರಿಸಿತು. ದೊಡ್ಡ ಗಲಾಟೆಯಾಯಿತು. ಗಲಾಟೆ ಮಾಡಿದವರೆಲ್ಲ ಸ್ವಾರ್ಥಿಗಳಲ್ಲ. ಹಳೆಯ ಡೀಸೆಲ್ ವ್ಯಾನು ಇಟ್ಟುಕೊಂಡಿರುವವರು ಯಾರು? ಹೊಸದು ಕೊಳ್ಳಲಾಗದ ಬಡಗಿ, ಪ್ಲಂಬರ್, ರಾತ್ರಿ ಪಾಳಿಯ ಕೆಲಸಗಾರರು. ಶ್ರೀಮಂತರ ಹೊಸ ಕಾರಿಗೆ ಈ ಶುಲ್ಕವೇ ಇಲ್ಲ. ಅಂದರೆ ಇಲ್ಲಿ ಎದುರುಬದುರಾಗಿ ನಿಂತಿರುವುದು ಬಡವರೂ ಶ್ರೀಮಂತರೂ ಅಲ್ಲ. ಹಳೆಯ ಗಾಡಿಯ ಬಡವರು ಒಂದು ಕಡೆ, ರಸ್ತೆ ಬದಿಯ ಮನೆಯಲ್ಲಿ ಉಸಿರಾಡುವ ಬಡವರು ಇನ್ನೊಂದು ಕಡೆ.

ಇದನ್ನು ನಮ್ಮ ಬೆಟ್ಟಕ್ಕೆ ತಂದು ನೋಡಿ. ಎಸ್ಟೇಟಿನಿಂದ ಕೂಲಿಯವರನ್ನು ಕರೆತರುವ ಹಳೆಯ ಡೀಸೆಲ್ ಜೀಪುಗಳು ಇನ್ನೂ ಓಡುತ್ತಿವೆ. ಕಡಿದಾದ ಏರಿನಲ್ಲಿ ಫಸ್ಟ್ ಗೇರಿನಲ್ಲಿ ಎಂಜಿನ್ ಗೊರಗೊರ ಅನ್ನುವಾಗ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಹಿಂದೆ ಬರುವ ಕಪ್ಪು ಹೊಗೆ ಎಂದರೆ ಉರಿಯದೆ ಉಳಿದ ಇಂಗಾಲದ ಕಣಗಳು. ಅದನ್ನು ಕುಡಿಯುವವರು ಹಿಂಬದಿಯ ಬಾಗಿಲ ಬಳಿ ಕುಳಿತ ಅದೇ ಕೂಲಿ ಹೆಂಗಸರು. ನಾಳೆ ಹಳೆಯ ಡೀಸೆಲ್ ಗಾಡಿ ನಿಷೇಧ ಎಂದರೆ ಅವರ ಎದೆಗೆ ಒಳ್ಳೆಯದು, ಆದರೆ ನಾಡಿದ್ದು ಕೆಲಸಕ್ಕೆ ಹೋಗುವುದು ಹೇಗೆ? ಕೂಟದಲ್ಲಿ ಒಬ್ಬರು "ಮೊದಲು ಉಸಿರು, ಆಮೇಲೆ ಕೂಲಿ" ಎಂದರು. ಇನ್ನೊಬ್ಬರು, ಅವರ ತಂದೆ ಜೀಪು ಓಡಿಸುತ್ತಾರೆ, "ಕೂಲಿ ಇಲ್ಲದವರು ಉಸಿರಾಡಿ ಏನು ಮಾಡಬೇಕು" ಎಂದರು. ಇಬ್ಬರ ಮಾತನ್ನೂ ತಳ್ಳಿಹಾಕಲು ನಮಗೆ ಆಗಲಿಲ್ಲ.

ಲಂಡನ್ ಹಳೆಯ ಗಾಡಿ ಗುಜರಿಗೆ ಹಾಕುವವರಿಗೆ ಸಹಾಯಧನ ಕೊಟ್ಟಿತು. ದಾರಿ ಅದೇ ಅನಿಸುತ್ತದೆ. ಸಾರ್ವಜನಿಕರ ಎದೆ ಉಳಿಯಬೇಕಾದರೆ ಅದರ ಖರ್ಚನ್ನು ಸಾರ್ವಜನಿಕ ಬೊಕ್ಕಸ ಹೊರಬೇಕು, ಜೀಪಿನ ಮಾಲೀಕನೊಬ್ಬನ ತಲೆಗೆ ಕಟ್ಟಬಾರದು. ಒಳ್ಳೆಯ ಕೆಲಸದ ಬಿಲ್ಲು ಅತ್ಯಂತ ದುರ್ಬಲರ ಕೈಗೆ ಹೋದರೆ ಆ ಒಳ್ಳೆಯ ಕೆಲಸದಲ್ಲಿ ಏನೋ ತಪ್ಪಿದೆ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ 'ಲೌದಾತೊ ಸೀ' ಪರಿಪತ್ರವನ್ನು ಗಿಡ ನೆಡುವ ದಿನ ಮಾತ್ರ ನೆನೆಯುವುದು ನಮ್ಮ ರೂಢಿ. ಅದರ 153ನೆಯ ಪರಿಚ್ಛೇದ ನೇರವಾಗಿ ನಗರದ ಸಾರಿಗೆಯ ಬಗ್ಗೆಯೇ ಇದೆ. ಒಬ್ಬಿಬ್ಬರನ್ನು ಹೊತ್ತು ತಿರುಗುವ ಕಾರುಗಳು ದಟ್ಟಣೆಯನ್ನೂ ಮಾಲಿನ್ಯವನ್ನೂ ಹೆಚ್ಚಿಸುತ್ತವೆ ಎಂದು ಹೇಳಿ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಬಸ್ಸು ರೈಲುಗಳಿಗೆ ಆದ್ಯತೆ ಬೇಕು, ಆದರೆ ಅವುಗಳಲ್ಲಿನ ನೂಕುನುಗ್ಗಲು, ಅನನುಕೂಲ, ಅಪರೂಪದ ಓಡಾಟ ಸರಿಹೋಗದೆ ಜನ ಕಠಿಣ ಕ್ರಮಗಳನ್ನು ಸುಲಭವಾಗಿ ಒಪ್ಪಲಾರರು ಎಂಬುದು ಅವರ ಮಾತಿನ ಸಾರ. ಬಸ್ಸಿನಲ್ಲಿ ನಿಂತು ಹೋದವರಿಗೆ ಮಾತ್ರ ಹೊಳೆಯುವ ಮಾತಿದು. ಬ್ಯೂನಸ್ ಐರಿಸ್‌ನಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದಾಗ ಅವರು ಬಸ್ಸು, ಮೆಟ್ರೊದಲ್ಲೇ ಓಡಾಡುತ್ತಿದ್ದರು.

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮ ಜಿಲ್ಲೆಯ ಗಾಡಿಗಳಿಗೆ ಇ-ಪಾಸ್ ಬೇಡ ಎಂದೆವು. ಇದಕ್ಕೆ ಒಳ್ಳೆಯ ಕಾರಣವಿದೆ. ಇಲ್ಲೇ ಬದುಕುವವರು ಮನೆಗೆ ಹೋಗಲು ಅನುಮತಿ ಕೇಳಬೇಕಾಗಬಾರದು. ಆದರೆ ವಿನಾಯಿತಿ ಸಿಕ್ಕಿದವರ ಗಾಡಿ ಹೊಗೆ ಬಿಡುವುದಿಲ್ಲವೇ, ಜಾಗ ಹಿಡಿಯುವುದಿಲ್ಲವೇ? ಹೊರಗಿನವರನ್ನು ಕಲ್ಲಾರಿನಲ್ಲಿ, ಕಕ್ಕನಹಳ್ಳದಲ್ಲಿ ತಡೆದು ನಿಲ್ಲಿಸುತ್ತಿರುವಾಗ, ಊರೊಳಗೆ ಅರ್ಧ ಕಿಲೋಮೀಟರಿಗೂ ನಾವು ಕಾರು ತೆಗೆದರೆ ಅದನ್ನು ಏನೆಂದು ಕರೆಯಬೇಕು? ಸೀಸನ್ನಿನಲ್ಲಿ "ಈ ಟೂರಿಸ್ಟ್‌ಗಳಿಂದ ಸಾಕಾಯಿತು" ಎಂದು ಹಾರನ್ ಹೊಡೆಯುವವರ ಜೊತೆ ಗಾಡಿಯಲ್ಲಿ ಕುಳಿತು ಹೋಗಿದ್ದೇವೆ. ಆ ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮ ನಂಬರಿನವೇ ಇದ್ದಂತೆ ಕಂಡಿತು. ಈಗಂತೂ ನಮ್ಮ ನಂಬರಿನ ಜೀಪಿಗೆ ನೆಂಟರ ನಡುವೆ ಭಾರೀ ಬೇಡಿಕೆ, ಗುಂಡ್ಲುಪೇಟೆಯವರೆಗೆ ಬಂದು ಕರೆದುಕೊಂಡು ಹೋಗಿ ಎನ್ನುತ್ತಾರೆ!

ನಮ್ಮ ದೇವಾಲಯದ ಗೇಟೇ ಒಂದು ಸಣ್ಣ ಉದಾಹರಣೆ. ಭಾನುವಾರ ತಮಿಳು ಬಲಿಪೂಜೆ ಮುಗಿಸಿ ಹೊರಡುವ ಗಾಡಿಗಳು, ಕನ್ನಡ ಬಲಿಪೂಜೆಗೆ ಬರುವ ಗಾಡಿಗಳು, ಮಲಯಾಳಂನವರು ಹಾಲಿನಲ್ಲಿ ಕಾರ್ಯಕ್ರಮ ಇಟ್ಟಿದ್ದರೆ ಅವರ ಗಾಡಿಗಳು, ಎಲ್ಲ ಒಂದೇ ಗೇಟಿನಲ್ಲಿ ಮುಖಾಮುಖಿ. ಮೂರು ಭಾಷೆಯಲ್ಲಿ ಶಾಂತಿಯ ಚಿಹ್ನೆ ಕೊಟ್ಟು ಹೊರಬಂದವರು ಗೇಟಿನಲ್ಲಿ ಒಂದೇ ಭಾಷೆ ಮಾತಾಡುತ್ತಾರೆ, ಹಾರನ್ನು. ರಸ್ತೆಯಲ್ಲಿ ಹೋಗಬೇಕಾದ ಸರ್ಕಾರಿ ಬಸ್ಸು ಅಷ್ಟೂ ಹೊತ್ತು ನಿಂತಿರುತ್ತದೆ. ಅದರಲ್ಲಿರುವವರಿಗೆ ನಮ್ಮ ಬಲಿಪೂಜೆಯೂ ಗೊತ್ತಿಲ್ಲ, ನಮ್ಮ ಅವಸರವೂ ಗೊತ್ತಿಲ್ಲ. ಯಾರನ್ನು ಕಾಯಿಸಬೇಕು ಎಂಬ ದೊಡ್ಡ ಪ್ರಶ್ನೆಗೆ ನಾವು ವಾರಕ್ಕೊಮ್ಮೆ ಹೀಗೆ ಉತ್ತರ ಕೊಡುತ್ತಿದ್ದೇವೆ.

ಹಾಗಾದರೆ ಇ-ಪಾಸ್ ಮತ್ತು ಮಿತಿ ನ್ಯಾಯವೇ? ನಮ್ಮ ಕೂಟದ ಹೆಚ್ಚಿನವರ ಉತ್ತರ: ಮಿತಿ ನ್ಯಾಯ, ಆದರೆ ಇನ್ನೂ ಅರ್ಧ ಕೆಲಸ ಬಾಕಿ. ಸರ್ಕಾರಿ ಬಸ್ಸನ್ನು ಮಿತಿಯಿಂದ ಹೊರಗಿಟ್ಟದ್ದು ಈ ಆದೇಶದ ಅತ್ಯಂತ ಒಳ್ಳೆಯ ಅಂಶ. ಗಾಡಿಗೆ ಮಿತಿ, ಮನುಷ್ಯರಿಗೆ ಮಿತಿ ಇಲ್ಲ ಎಂದು ಅದರ ಅರ್ಥ. ಐವತ್ತು ಜನ ಒಂದು ಬಸ್ಸಿನಲ್ಲಿ ಬಂದರೆ ಬೆಟ್ಟಕ್ಕೆ ಭಾರವಲ್ಲ, ಇಪ್ಪತ್ತೈದು ಕಾರಿನಲ್ಲಿ ಬಂದರೆ ಭಾರ. ಆದರೆ ಬಾಗಿಲು ತೆರೆದಿದ್ದರೆ ಸಾಲದು, ಬಸ್ಸು ಬರಬೇಕು. ಮೆಟ್ಟುಪಾಳ್ಯದಲ್ಲೂ ಗುಂಡ್ಲುಪೇಟೆಯಲ್ಲೂ ಗಾಡಿ ನಿಲ್ಲಿಸಿ, ಹೆಚ್ಚು ಕಾಯದೆ ಬಸ್ಸು ಹತ್ತಿ ಬರುವಂತಾದರೆ ಮದುವೆ ಮನೆಯವರಿಗೂ ಟೂರಿಸ್ಟ್‌ಗೂ ಅಡ್ಡಿಯೇ ಇರುವುದಿಲ್ಲ. ಎರಡು ರಾಜ್ಯದ ಸಾರಿಗೆ ನಿಗಮಗಳು ಕೂತು ಮಾತಾಡಬೇಕಾದ ವಿಷಯ ಇದು. ಸಾವಿಗೆ ಬರುವವರಿಗೆ ಮಿತಿಯ ಹೊರಗೆ, ಚೆಕ್‌ಪೋಸ್ಟಿನಲ್ಲೇ ಪಾಸು ಸಿಗಬೇಕು. ಇದಕ್ಕೆ ಸುಳ್ಳು ಹೇಳುವವರು ಕೆಲವರು ಇದ್ದೇ ಇರುತ್ತಾರೆ, ಇದ್ದರೂ ಚಿಂತೆಯಿಲ್ಲ. ಟ್ಯಾಕ್ಸಿ ಓಡಿಸುವ ನಮ್ಮ ಗೆಳೆಯರಿಗೆ ಇದರಿಂದ ನಷ್ಟವಾಗುತ್ತದೆಯೇ? ಹೊರಗಿನ ಕಾರು ಕಡಿಮೆಯಾದರೆ ಬಸ್ಸಿನಿಂದ ಇಳಿದವರನ್ನು ಸುತ್ತಿಸಲು ಊರಿನ ಟ್ಯಾಕ್ಸಿಯೇ ಬೇಕು ಎಂದು ಅವರಲ್ಲೇ ಒಬ್ಬರು ಹೇಳಿದರು. ಲಾಡ್ಜಿನವರು ಒಪ್ಪಲಿಲ್ಲ. ಆ ಮಾತು ಮುಂದಿನ ಸಭೆಗೂ ಉಳಿದಿದೆ.

ಸದ್ಯಕ್ಕೆ ಕೂಟ ಎರಡು ಕೆಲಸ ಹಿಡಿದಿದೆ. ಮೊದಲನೆಯದು ಭಾನುವಾರ ತಮಿಳು ಮತ್ತು ಕನ್ನಡ ಬಲಿಪೂಜೆಗಳ ನಡುವೆ ಇಪ್ಪತ್ತು ನಿಮಿಷ ಬಿಡುವು ಕೊಡಬೇಕೆಂದು ಫಾದರ್ ಅವರಿಗೆ ಮನವಿ, ಆ ಹೊತ್ತಿನಲ್ಲಿ ಗೇಟಿನ ಬಳಿ ನಿಂತು ಬಸ್ಸನ್ನು ಮೊದಲು ಬಿಡುವ ಜವಾಬ್ದಾರಿ ನಮ್ಮದು. ಎರಡನೆಯದು ಬಸ್ ಡಿಪೋದ ವ್ಯವಸ್ಥಾಪಕರಿಗೆ ಅರ್ಜಿ: ಎಸ್ಟೇಟ್ ಕಡೆಯಿಂದ ಬರುವ ಬೆಳಗಿನ ಬಸ್ಸು ಭಾನುವಾರಗಳಲ್ಲಿ ಅರ್ಧ ಗಂಟೆ ಮೊದಲು ಹೊರಟರೆ ಕನ್ನಡ ಬಲಿಪೂಜೆಗೆ ಸರಿಯಾಗಿ ಮುಟ್ಟುತ್ತದೆ, ಜೀಪು ಮಾಡಿಕೊಂಡು ಬರುವ ಹತ್ತಾರು ಮನೆಯವರು ಬಸ್ಸಿಗೆ ಬರುತ್ತಾರೆ. ಅರ್ಜಿಯನ್ನು ತಮಿಳಿನಲ್ಲಿ ಬರೆದಿದ್ದೇವೆ, ಕನ್ನಡ ಪ್ರತಿಯೂ ಜೊತೆಗಿದೆ. ಸಹಿ ಹಾಕುವ ಹಾಳೆ ದೇವಾಲಯದ ಹಿಂಬಾಗಿಲಿನ ಮೇಜಿನ ಮೇಲೆ ತಿಂಗಳ ಕೊನೆಯವರೆಗೆ ಇರುತ್ತದೆ. ಕಾರಿನಲ್ಲಿ ಬರುವವರೂ ಸಹಿ ಹಾಕಬಹುದು.